ಗಾಳಿಯಲ್ಲಿ ಬಿಗಿದ ಬೋಲ್ಟು

"ಇನ್ನೂ ಎಷ್ಟು ಹೊತ್ತಮ್ಮ? ಗಾಡಿ ಕೆಳಗೇ ಸಂಸಾರ ಹೂಡಿಬಿಟ್ರಾ?"

ಠಾಣೆಯ ಹಿತ್ತಲಲ್ಲಿ ನಿಲ್ಲಿಸಿದ್ದ ಕಾರಿನಡಿಯಿಂದ ನೋಡಿದರೆ ಇನ್‌ಸ್ಪೆಕ್ಟರರ ಬೂಟುಗಳು ಮಾತ್ರ ಕಾಣುತ್ತಿದ್ದವು. ವಿಮೆ ಅಕ್ಕ ಬಾಯಲ್ಲಿ ಕಚ್ಚಿಕೊಂಡಿದ್ದ ಟಾರ್ಚನ್ನು ತೆಗೆದು, ಬೆನ್ನಡಿಯ ಗೋಣಿಚೀಲವನ್ನು ಒಂದಿಷ್ಟು ಮೇಲಕ್ಕೆಳೆದುಕೊಂಡಳು.

"ನಿಮ್ಮ ಬಲಗಾಲಿನ ಲೇಸು ಬಿಚ್ಚಿದೆ ಸಾರ್. ಮೊದಲು ಅದನ್ನ ಕಟ್ಕೊಳ್ಳಿ. ಎಡವಿ ಬಿದ್ದೋರನ್ನೆಲ್ಲ ತಪಾಸಣೆ ಮಾಡ್ತಾ ಕೂರೋಷ್ಟು ಪುರುಸೊತ್ತಿಲ್ಲ ನನಗೆ."

ಮೂರು ದಿನದ ಹಿಂದೆ, ಹಲ್ಲು ಡಾಕ್ಟರ ಐವತ್ತೆಂಟು ವರ್ಷದ ಈ ಕಾರು ರಿಪೇರಿಯಾಗಿ ಶೆಡ್ಡಿನಿಂದ ಹೊರಟ ಒಂದೇ ಗಂಟೆಯಲ್ಲಿ, ಇಳಿಜಾರಿನ ತಿರುವಿನಲ್ಲಿ ಗೋಡೆಗೆ ಅಪ್ಪಳಿಸಿತ್ತು. ಡಾಕ್ಟರು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ರಿಪೇರಿ ಮಾಡಿದ ಮೇಸ್ತ್ರಿ ವಿಮೆ ಅಕ್ಕನ ಒಡಹುಟ್ಟಿದ ತಮ್ಮ.

ಅವಳೂ ಆ ಶೆಡ್ಡಿನಲ್ಲೇ, ಅಪ್ಪನ ಕಾಲದಲ್ಲಿ, ಗ್ರೀಸು ಮೆತ್ತಿಕೊಂಡು ಬೆಳೆದವಳು. ಆಮೇಲೆ ವಿಮೆ ಕಂಪನಿಯಲ್ಲಿ, ಅಪಘಾತವಾದ ಗಾಡಿಗಳನ್ನು ನೋಡಿ ವರದಿ ಬರೆಯುವ ಕೆಲಸ, ಇಪ್ಪತ್ತೆರಡು ವರ್ಷ. ಕೆಲಸ ಬಿಟ್ಟರೂ ಹೆಸರು ಅವಳನ್ನು ಬಿಡಲಿಲ್ಲ.

"ನಾಲ್ಕು ಗಂಟೆಗೆ ನಾನು ನಿಮ್ಮ ತಮ್ಮನ್ನ ಕರ್ಕೊಂಡು ಹೋಗ್ಬೇಕು," ಎಂದರು ಇನ್‌ಸ್ಪೆಕ್ಟರು. "ಶೆಡ್ಡಿಗೆ ಬೀಗ. ಗುಜರಿ ಸಾಮಾನು ಹಾಕಿ ಮನುಷ್ಯನ ಪ್ರಾಣಕ್ಕೆ ಕುತ್ತು ತಂದಿದ್ದಾನೆ ಅಂತ ದೂರು. ನಿಮ್ಮ ಮುಖ ನೋಡಿ ಅರ್ಧ ದಿನ ಬಿಟ್ಟಿದ್ದೀನಿ, ಅಷ್ಟೆ."

"ಹಳೇ ಗಾಡಿಗೆ ಹಳೇ ಸಾಮಾನೇ ಹಾಕ್ಬೇಕು ಸಾರ್. ಈ ಕಾರು ಮಾಡಿದ ಕಂಪನಿ ನೀವು ಹುಟ್ಟೋಕೆ ಮುಂಚೇನೇ ಮುಚ್ಚಿತು. ಹೊಸದು ಎಲ್ಲಿಂದ ತರ್ತಾನೆ? ನಮ್ಮ ಮನೆಯವರ ಹಳೇ ಗಾಡಿಗೂ ಇದೇ ಪಾಡು."

ಮಾತಾಡುತ್ತಲೇ ಅವಳು ಟಾರ್ಚನ್ನು ಎಡಗಡೆಗೆ ತಿರುಗಿಸಿದಳು.

ಕಾರಿನ ಮುಂದಿನ ಭಾರ ಹೊರುವುದು ಉಕ್ಕಿನ ಪಟ್ಟಿಗಳ ಎರಡು ಕಟ್ಟು, ಪಕ್ಕಕ್ಕೊಂದು. ಬಿಲ್ಲಿನಂತೆ ಬಾಗಿದ ಏಳೇಳು ಪಟ್ಟಿ. ಎಲ್ಲಕ್ಕಿಂತ ಉದ್ದದ ಪಟ್ಟಿಯ ಎರಡೂ ತುದಿಯನ್ನು ಸುರುಳಿ ಸುತ್ತಿ, ಆ ಸುರುಳಿಯೊಳಗೆ ಬುಷ್ ಎಂಬ ರಬ್ಬರಿನ ಕೊಳವೆ ಕೂರಿಸಿ, ಬೋಲ್ಟು ತೂರಿಸಿ ಕಾರಿಗೆ ಕಟ್ಟಿರುತ್ತಾರೆ. ಎಡಗಡೆಯ ಉದ್ದ ಪಟ್ಟಿ ಮುಂದಿನ ಸುರುಳಿಯ ಬುಡದಲ್ಲಿ ತುಂಡಾಗಿತ್ತು.

ತುಂಡಾದ ಮುಖದ ಅರ್ಧ ಹೊಸದಾಗಿ ಹೊಳೆಯುತ್ತಿತ್ತು. ಇನ್ನರ್ಧ ಕಪ್ಪು. ಕಪ್ಪೆಂದರೆ ಹಳೆಯ ಬಿರುಕು. ಆ ಕಪ್ಪಿನ ಅಂಚಿಗೆ ಕೂದಲೆಳೆಯಷ್ಟು ಬಿಳಿ ಗೆರೆ.

ಅಕ್ಕ ಅದನ್ನು ಉಗುರಿನಿಂದ ಕೆರೆದು ನಾಲಿಗೆಗೆ ಮುಟ್ಟಿಸಿದಳು.

ಲೇಸು ಕಟ್ಟಲು ಬಗ್ಗಿದ್ದ ಇನ್‌ಸ್ಪೆಕ್ಟರು ಅದನ್ನು ನೋಡಿ ಹೌಹಾರಿದರು. "ಅಯ್ಯೋ, ಏನ್ರೀ ಅದು ತಿಂತಾ ಇರೋದು?"

"ಸೀಮೆಸುಣ್ಣ," ಎಂದಳು ಅಕ್ಕ.

ಅದನ್ನು ಬಿಡಿಸಿ ಹೇಳದೆ ವಿಧಿಯಿರಲಿಲ್ಲ. ಗುಜರಿಯಿಂದ ತಂದ ಯಾವ ಪಟ್ಟಿಯನ್ನೂ ಅವಳ ತಮ್ಮ ಹಾಗೇ ಹಾಕುವವನಲ್ಲ. ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ಮುಳುಗಿಸಿಡುತ್ತಾನೆ. ಬೆಳಗ್ಗೆ ಒಣಬಟ್ಟೆಯಲ್ಲಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿಯುತ್ತಾನೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿಯ ಮೇಲೆ ಗೆರೆ ಎಳೆಯುತ್ತದೆ. ಗೆರೆ ಬಂದ ಪಟ್ಟಿ ಮತ್ತೆ ಯಾವ ಗಾಡಿಗೂ ಹೋಗುವುದಿಲ್ಲ, ಶೆಡ್ಡಿನ ಗೋಡೆಗೆ ಒರಗಿ ಬಿದ್ದಿರುತ್ತದೆ; ಅದು ಗೋಡೆಯ ಪಾಲು.

"ಅಂದ್ರೆ," ಎಂದು ಇನ್‌ಸ್ಪೆಕ್ಟರು ನಿಧಾನವಾಗಿ ಎದ್ದು ನಿಂತರು, "ಬಿರುಕಿದೆ ಅಂತ ಪರೀಕ್ಷೆ ಮಾಡಿ ತಿಳ್ಕೊಂಡು, ತಿಳಿದೂ ತಿಳಿದೂ ಹಾಕಿದ್ದಾನೆ. ಇದು ಇನ್ನೂ ಕೆಟ್ಟದಾಯ್ತಲ್ಲಮ್ಮ. ನೀವು ತಮ್ಮನ್ನ ಬಿಡಿಸೋಕೆ ಬಂದ್ರಾ, ಕಟ್ಟಿಹಾಕೋಕೆ ಬಂದ್ರಾ?"

ಅಕ್ಕ ಪಟ್ಟಿಯ ಮುರಿಯದೆ ಉಳಿದಿದ್ದ ಹಿಂದಿನ ತುದಿಗೆ ಬೆಳಕು ಹಿಡಿದಳು. ನಟ್ಟಿನ ಮೇಲೆ ಹಳದಿ ಬಣ್ಣದ ಒಂದು ಗೀಟು, ಬೋಲ್ಟಿಗೂ ತಾಗುವಂತೆ. ಬಿಗಿ ಮುಗಿಯಿತು, ಇನ್ನು ಯಾರೂ ಮುಟ್ಟಬೇಡಿ ಎಂಬ ಶೆಡ್ಡಿನ ಗುರುತು. ಎಲ್ಲ ಸರಿ. ಆದರೆ ಒಳಗಿನ ರಬ್ಬರು?

ರಬ್ಬರು ತಿರುಚಿಕೊಂಡಿತ್ತು. ಹಿಂಡಿದ ಬಟ್ಟೆಯ ಹಾಗೆ. ಅಂಚು ಹರಿದೂ ಇತ್ತು.

ಅವಳು ಮೊಣಕೈಯೂರಿಕೊಂಡು ಬಲಗಡೆಗೆ ತೆವಳಿದಳು. ಬಲಗಡೆಯ ಬುಷ್ ಕೂಸಿನ ಕೆನ್ನೆಯ ಹಾಗೆ ನುಣ್ಣಗಿತ್ತು.

"ಸಾರ್, ನಿಮ್ಮ ಕರವಸ್ತ್ರ ಕೊಡಿ. ಬಗ್ಗಿ. ಹ್ಞಾ, ಒಂದು ತುದಿ ಗಟ್ಟಿಯಾಗಿ ಹಿಡ್ಕೊಳ್ಳಿ." ಇನ್ನೊಂದು ತುದಿಯನ್ನು ತಾನು ಹಿಡಿದು ತಿರುಗಿಸಿದಳು. "ಹೀಗೆ ಆಗಿದೆ ಎಡಗಡೆ ರಬ್ಬರಿಗೆ. ಯಾಕೆ ಗೊತ್ತಾ? ಗಾಡಿ ಜಾಕಿನ ಮೇಲೆ ಇದ್ದಾಗ ಚಕ್ರ ಜೋತಾಡ್ತಿರುತ್ತೆ. ಆಗ್ಲೇ ಬೋಲ್ಟು ಪೂರ್ತಿ ಬಿಗಿದ್ರೆ, ಗಾಡಿ ಕೆಳಗಿಳಿಸಿದ ಕೂಡ್ಲೇ ಪಟ್ಟಿ ಬಾಗುತ್ತೆ, ರಬ್ಬರು ತಿರುಚ್ಕೊಳ್ಳುತ್ತೆ. ಅದಕ್ಕೇ ಮೊದಲು ಕೈಬಿಗಿ ಮಾತ್ರ. ಗಾಡಿ ನೆಲಕ್ಕೆ ಬಂದು, ಸೀಟಿನಲ್ಲಿ ಒಬ್ಬರು ಕೂತು, ತನ್ನ ಭಾರ ತಾನು ಹೊತ್ತ ಮೇಲೆ ಕೊನೆ ಬಿಗಿ. ನನ್ನಪ್ಪ ಹಾಗೇ ಮಾಡ್ತಿದ್ದ, ತಮ್ಮನೂ ಹಾಗೇ. ಬಲಗಡೆ ನೋಡಿ, ಕೊನೆ ಬಿಗಿ ಅವನದ್ದೇ. ಎಡಗಡೆ ಅವನ ಕೈಯಲ್ಲ. ಗಾಳಿಯಲ್ಲಿ ಬಿಗಿದಿದ್ದಾರೆ. ಅವನು ಮಾಡಿಟ್ಟ ಮೇಲೆ ಇನ್ನ್ಯಾರೋ ಬಿಚ್ಚಿ, ಒಳ್ಳೇ ಪಟ್ಟಿ ತೆಗೆದು, ಗೋಡೆ ಪಾಲಿನ ಪಟ್ಟಿ ಹಾಕಿದ್ದಾರೆ."

ಇನ್‌ಸ್ಪೆಕ್ಟರು ಒಮ್ಮೆ ಮುದ್ದೆಯಾದ ಕರವಸ್ತ್ರವನ್ನು, ಒಮ್ಮೆ ಅವಳನ್ನು ನೋಡಿದರು. "ಇನ್ನ್ಯಾರೋ ಅಂದ್ರೆ?"

"ಹಳದಿ ಬಣ್ಣದ ಡಬ್ಬಿ ಎಲ್ಲಿದೆ ಅಂತ ಗೊತ್ತಿರೋರು."

ಹೇಳಿದ ಮೇಲೆ ಅವಳಿಗೆ ಎದೆ ಹಗುರಾಯಿತು. ತಮ್ಮ ಮಾಡಿಲ್ಲ. ಆದರೆ ಠಾಣೆಯ ಹಿತ್ತಲಿನ ಗೇಟು ದಾಟುವುದರೊಳಗೆ ಆ ಹಗುರ ಇಳಿದುಹೋಯಿತು. ಶೆಡ್ಡಿನಲ್ಲಿರುವುದು ಇಬ್ಬರೇ. ಒಬ್ಬ ತಮ್ಮ. ಇನ್ನೊಬ್ಬ ಮೂಟೆ.

*

ಮೂಟೆ ಎಂದರೆ ಒಂದು ನೂರ ಹತ್ತು ಕಿಲೋ. ಇಪ್ಪತ್ತೇಳು ವರ್ಷದಿಂದ ಶೆಡ್ಡಿನಲ್ಲಿದ್ದಾನೆ. ಬಿಚ್ಚುವುದು, ತೊಳೆಯುವುದು, ಕೂರಿಸುವುದು, ಗೀಟು ಎಳೆಯುವುದು ಎಲ್ಲ ಅವನೇ. ಕೊನೆಯಲ್ಲಿ ಮೇಸ್ತ್ರಿ "ಲೋ ಮೂಟೆ, ಹತ್ತು" ಎಂದರೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂರುತ್ತಾನೆ. ಗಿರಾಕಿಗಳು ನಗುತ್ತಾರೆ. ಅವನೂ ನಗುತ್ತಾನೆ.

ಅಕ್ಕ ಹೋದಾಗ ಅವನೊಬ್ಬನೇ ಇದ್ದ. ಮೇಸ್ತ್ರಿ ಆಸ್ಪತ್ರೆಗೆ ಹೋಗಿದ್ದ. ಬೇಕರಿಯವರ ಹಳೆಯ ವ್ಯಾನು ಜಾಕಿನ ಮೇಲೆ ಮೂತಿ ಎತ್ತಿಕೊಂಡು ನಿಂತಿತ್ತು; ಅದರ ಪಟ್ಟಿಯ ಕಟ್ಟು ಬೆಂಚಿನ ಮೇಲಿತ್ತು.

"ಬನ್ನಿ ಅಕ್ಕ. ಟೀ ಹೇಳ್ಲಾ? ಮುಖ ಯಾಕೆ ಹಾಗಿದೆ? ಏನಾದ್ರೂ ಸಿಕ್ತಾ?"

"ಸಿಗ್ತಾ ಇದೆ ಕಣೋ. ಇನ್‌ಸ್ಪೆಕ್ಟರಿಗೆ ಬರೆದು ಕೊಡ್ಬೇಕು, ಶೆಡ್ಡಿನಲ್ಲಿ ಹೇಗೆ ಕೆಲಸ ಮಾಡ್ತೀರಿ ಅಂತ. ಈ ವ್ಯಾನಿಗೆ ಪಟ್ಟಿ ಕೂರಿಸು, ನೋಡ್ತೀನಿ. ಮೊದಲಿಂದ ಕೊನೇತನಕ."

"ಮೇಸ್ತ್ರಿ ಬರಲಿ?"

"ಅವನನ್ನ ನೋಡಿ ನೋಡಿ ಸಾಕಾಗಿದೆ. ನಿನಗೆ ಬರಲ್ವಾ?"

ಅವನ ಮುಖ ಅರಳಿದ್ದನ್ನು ಕಂಡು ಅಕ್ಕ ಮುಖ ಬೇರೆ ಕಡೆಗೆ ತಿರುಗಿಸಿದಳು. ಆದರೂ ಸ್ಟೂಲು ಎಳೆದುಕೊಂಡು ಕುಳಿತಳು.

ಅಷ್ಟು ದೊಡ್ಡ ಮನುಷ್ಯನ ಕೈ ಅಷ್ಟು ಹಗುರ ಎಂದು ಅವಳಿಗೆ ಗೊತ್ತಿರಲಿಲ್ಲ. ಸುರುಳಿಯನ್ನು ಒರೆಸಿದ. ಬುಷ್‌ಗೆ ಸೋಪಿನ ನೀರು ಸವರಿ ಒಂದೇ ಒತ್ತಿಗೆ ಕೂರಿಸಿದ. ಕಟ್ಟನ್ನು ಎತ್ತಿ, ಹೊಟ್ಟೆಗೆ ಆನಿಸಿಕೊಂಡು, ಬೋಲ್ಟು ತೂರಿಸಿದ. ನಟ್ಟು ತಿರುಗಿಸುವ ಪಾನ ಹಾಕಿದ. ಒಂದು ಸುತ್ತು, ಎರಡು ಸುತ್ತು. ಪಾನಕ್ಕೆ ಉದ್ದದ ಪೈಪು ಸಿಕ್ಕಿಸಿ, ಕಾಲೂರಿ, ನಟ್ಟು ಕಿರುಗುಟ್ಟುವ ತನಕ ಬಿಗಿದ. ವ್ಯಾನಿನ ಚಕ್ರ ಇನ್ನೂ ಗಾಳಿಯಲ್ಲಿತ್ತು.

ಹಳದಿ ಡಬ್ಬಿ ತೆಗೆದು ಗೀಟು ಎಳೆದ. ನೇರವಾದ, ಚೊಕ್ಕವಾದ ಗೀಟು.

"ಆಯ್ತಾ?" ಎಂದಳು ಅಕ್ಕ.

"ಆಯ್ತು."

"ಪೂರ್ತಿ?"

"ಪೂರ್ತಿ ಅಕ್ಕ. ಇನ್ನೇನಿದೆ?" ಕೈ ಒರೆಸಿಕೊಳ್ಳುತ್ತ ಹೆಮ್ಮೆಯಿಂದ ನಿಂತ. "ಮೇಸ್ತ್ರಿ ಬಂದಮೇಲೆ ಇಳಿಸೋದು, ನಾನು ಹತ್ತಿ ಕೂರೋದು. ಅಷ್ಟೆ."

"ಕೂತು ಏನು ಮಾಡ್ತೀಯ?"

"ಏನು ಮಾಡೋದು, ಭಾರ ಹಾಕೋದು. ಎರಡೂ ಕಡೆ ಸಮ ಕೂತಿದ್ಯಾ ಅಂತ ಅವನು ಕೆಳಗೆ ಹೋಗಿ ನೋಡ್ತಾನೆ. ಏನೋ ಟಕ್ ಟಕ್ ಅಂತ ಮಾಡ್ತಾನೆ. 'ಇಳಿ' ಅಂತಾನೆ, ಇಳೀತೀನಿ."

"ಆ ಟಕ್ ಟಕ್ ಏನಂತ ಕೇಳಲಿಲ್ವಾ?"

"ಕೇಳಿದ್ದೆ, ಮೊದಮೊದಲು. 'ಅದು ಮೇಸ್ತ್ರಿ ಕೆಲಸ, ನೀನು ಅಲ್ಲಾಡದೆ ಕೂತಿರು' ಅಂದ." ಮೂಟೆ ನಕ್ಕ. "ಆಮೇಲೆ ಕೇಳಲಿಲ್ಲ."

ಕೊನೆ ಬಿಗಿ ಮೇಸ್ತ್ರಿಯ ಕೈಯದ್ದು ಎಂಬುದು ಅಪ್ಪನ ಕಾಲದ ಕಟ್ಟಳೆ. ಆ ಬಿಗಿಯ ಹೊತ್ತಿಗೆ ಅಪ್ಪ ಬೇರೆ ಯಾರನ್ನೂ ಗಾಡಿಯಡಿಗೆ ಬಿಡುತ್ತಿರಲಿಲ್ಲ. ಮಗಳೆಂದು ಅವಳನ್ನು ಬಿಟ್ಟಿದ್ದ. ತಮ್ಮನೂ ಹಾಗೇ ನಡೆಸಿಕೊಂಡು ಬಂದ. ಮೂಟೆ ಶೆಡ್ಡಿನ ಕೆಲಸವನ್ನೆಲ್ಲ ನೋಡಿ ಕಲಿತಿದ್ದ. ಆ ಒಂದನ್ನು ಮಾತ್ರ ನೋಡಿರಲಿಲ್ಲ, ಯಾಕೆಂದರೆ ಅದು ನಡೆಯುವಾಗಲೆಲ್ಲ ಅವನು ಮೇಲೆ, ಸೀಟಿನಲ್ಲಿ.

"ಮೂಟೆ," ಎಂದಳು. "ಡಾಕ್ಟರ ಗಾಡಿಗೂ ಹೀಗೇ ಬಿಗಿದ್ಯಾ?"

ಅವನ ಕೈಯಲ್ಲಿದ್ದ ಬಟ್ಟೆ ನಿಂತಿತು.

"ಹೇಗೆ?"

"ಚಕ್ರ ಗಾಳಿಯಲ್ಲಿದ್ದಾಗ್ಲೇ. ಆ ಟಕ್ ಟಕ್ ಏನು ಗೊತ್ತಾ? ನೀನು ಬಿಗಿದದ್ದನ್ನ ಮೇಸ್ತ್ರಿ ಸಡಿಲಿಸಿ, ಮತ್ತೆ ಬಿಗಿದು, ಗೀಟು ತಿದ್ದೋದು. ಅದೇ ನಿಜವಾದ ಬಿಗಿ. ಗಾಡಿ ನೆಲಕ್ಕೆ ಬಂದಮೇಲೇ ಅದನ್ನ ಮಾಡೋದು. ಈ ಊರಲ್ಲಿ ಅವನ ಹಳದಿ ಗೀಟು ಎಳೆಯೋಕೆ ಬರೋದು, ಆದ್ರೆ ಕೊನೆ ಬಿಗಿ ಗೊತ್ತಿಲ್ದೇ ಇರೋದು ಒಬ್ಬನಿಗೇ ಕಣೋ."

ಅವನು ವ್ಯಾನಿನ ನಟ್ಟಿನ ಮೇಲೆ ಬೆರಳಾಡಿಸಿದ. ಅವಳು ಅಂದುಕೊಂಡಿದ್ದು ಅವನು ಅಲ್ಲಗಳೆಯುತ್ತಾನೆ ಎಂದು. ಅವನು ಕೇಳಿದ್ದೇ ಬೇರೆ.

"ಇಪ್ಪತ್ತೇಳು ವರ್ಷ ಅಕ್ಕ. ಒಂದು ಸಲ, ಒಂದೇ ಒಂದು ಸಲ, ಬಾ ನೋಡು ಅನ್ನಬಹುದಿತ್ತಲ್ವಾ?"

"ಅನ್ನಬೇಕಿತ್ತು," ಎಂದಳು ಅಕ್ಕ. "ಅನ್ನದೇ ಇದ್ದದ್ದು ಅವನ ತಪ್ಪು. ಆದ್ರೆ ಬಿರುಕು ಬಿಟ್ಟ ಪಟ್ಟಿ ಹಾಕಿದ್ದು ನಿನ್ನದು. ಯಾಕೋ? ಡಾಕ್ಟರು ನಿನಗೇನು ಮಾಡಿದ್ರು? ನಿನ್ನ ತಾಯಿಗೆ ಹಲ್ಲು ಕಟ್ಟಿ ಕೊಟ್ಟೋರು."

ಮೂಟೆ ಬೆಂಚಿನ ಮೇಲೆ ಕುಸಿದ. ಬೆಂಚು ನರಳಿತು.

"ಹಿಂದಿನ ಸಂಜೆ ಮೇಸ್ತ್ರಿ ಮನೆಗೆ ಹೋದಮೇಲೆ ಮಾಡಿದೆ. ಒಬ್ಬರು ಆ ಒಳ್ಳೇ ಪಟ್ಟಿ ಕೇಳಿದ್ರು. ಅವರದ್ದೂ ಅದೇ ಕಾಲದ ಗಾಡಿ. ಎಲ್ಲೂ ಸಿಕ್ಕಿರಲಿಲ್ಲ. 'ತಂದುಕೊಡು, ನಾನೇ ಒಂದು ಶೆಡ್ಡು ಹಾಕಿಸ್ತೀನಿ, ನೀನೇ ಅಲ್ಲಿ ಮೇಸ್ತ್ರಿ' ಅಂದ್ರು. ಮೇಸ್ತ್ರಿ ಅಂದ್ರು ಅಕ್ಕ, ನನ್ನನ್ನ. ಡಾಕ್ಟರು ಆ ಕಾರನ್ನ ಓಡಿಸೋದಾದ್ರೂ ಎಷ್ಟು, ಮನೆ ಮುಂದೆ ನಿಲ್ಲಿಸ್ಕೊಂಡು ಒರೆಸ್ತಾ ಇರ್ತಾರೆ, ಅಷ್ಟರಲ್ಲಿ ಇನ್ನೊಂದು ಹುಡುಕಿ ಹಾಕಿಬಿಡೋಣ ಅಂದ್ಕೊಂಡೆ."

"ಯಾರದು ಆ ಗಾಡಿ?"

"ಅದನ್ನ ಆಮೇಲೆ ಹೇಳ್ತೀನಿ. ಮೊದಲು ಇದನ್ನ ಕೇಳಿ." ಅವನು ಕಣ್ಣೊರೆಸಿಕೊಂಡ. ಕೆನ್ನೆಗೆ ಗ್ರೀಸು ಮೆತ್ತಿತು. "ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಗ್ಗೆ ಎಂಟಕ್ಕೇ ಬಂದು ಮೇಸ್ತ್ರಿಗೆ ಹೇಳಿಬಿಟ್ಟೆ."

ಅಕ್ಕನಿಗೆ ಅರ್ಥವಾಗಲಿಲ್ಲ. "ಏನಂತ?"

"ಎಲ್ಲಾನೂ. ಹೀಗೆ ಮಾಡ್ದೆ, ತಪ್ಪಾಯ್ತು, ಗಾಡಿ ಕೊಡಬೇಡ ಅಂತ. ಅವನು ಗಾಡಿ ಕೆಳಗೆ ಹೋದ, ನೋಡ್ದ, ಎದ್ದು ಬಂದ. ಕೈ ತೊಳ್ಕೊಂಡ. 'ಪಟ್ಟಿ ಯಾರಿಗೆ ಕೊಟ್ಟೆ' ಅಂದ. ಹೇಳಿದೆ. ತೊಳೆದ ಕೈಯನ್ನೇ ಮತ್ತೆ ತೊಳ್ಕೊಂಡ. ಆಮೇಲೆ, 'ಬಾಯಿ ಮುಚ್ಕೊಂಡಿರು, ಮುಂದಿನ ವಾರ ಗ್ರೀಸು ಹಾಕೋ ನೆಪದಲ್ಲಿ ಗಾಡಿ ತರಿಸಿ ಸರಿ ಮಾಡ್ತೀನಿ' ಅಂದ. ಹತ್ತಕ್ಕೆ ಡಾಕ್ಟರು ಬಂದ್ರು. ನಿಧಾನಕ್ಕೆ ಹೋಗಿ ಅಂತ ಎರಡು ಸಲ ಹೇಳ್ದ. ಕೀಲಿ ಕೊಟ್ಟ."

ಹೊರಗೆ ರಸ್ತೆಯಲ್ಲಿ ಯಾರೋ ಗ್ಯಾಸ್ ಸಿಲಿಂಡರು ಉರುಳಿಸಿಕೊಂಡು ಹೋದರು.

ಮೂರು ದಿನ. ಮೂರು ದಿನದಿಂದ ಅವಳು ಊಟ ನಿದ್ದೆ ಬಿಟ್ಟು ಓಡಾಡಿದ್ದಳು. ಗುಜರಿ ಅಂಗಡಿಗಳ ಬಾಗಿಲು ಬಡಿದಿದ್ದಳು. ಎಂದೂ ಯಾರ ಮುಂದೂ ತಗ್ಗದವಳು ಇನ್‌ಸ್ಪೆಕ್ಟರ ಮುಂದೆ ಅರ್ಧ ದಿನದ ಕಾಲಾವಕಾಶ ಬೇಡಿದ್ದಳು. ತಮ್ಮ ಅಷ್ಟೂ ದಿನ ಅವಳ ಹಿಂದೆ ಹಿಂದೆಯೇ ಬಂದು "ಯಾರಿರಬಹುದು ಅಕ್ಕ, ಯಾರಿರಬಹುದು" ಎಂದು ಕೇಳುತ್ತಿದ್ದ. ಅವಳ ತಟ್ಟೆಯಲ್ಲೇ ಉಂಡಿದ್ದ.

ಅವಳು ಎದ್ದಳು. ಸ್ಟೂಲನ್ನು ಮೊದಲಿದ್ದ ಜಾಗಕ್ಕೇ ಸರಿಸಿಟ್ಟಳು.

"ಇದನ್ನ ಇನ್‌ಸ್ಪೆಕ್ಟರ ಮುಂದೆ ಹೇಳ್ತೀಯಾ?"

"ಹೇಳ್ತೀನಿ ಅಕ್ಕ. ನನ್ನ ಪಾಲಿನದ್ದು ನಾನು ಹೇಳ್ತೀನಿ."

*

ಜೀಪು ನಾಲ್ಕಕ್ಕೆ ಬರಬೇಕಾದದ್ದು ಮೂರೂವರೆಗೇ ಬಂತು. ಅದರ ಹಿಂದೆಯೇ ಮೇಸ್ತ್ರಿಯ ಸ್ಕೂಟರು. ಇನ್‌ಸ್ಪೆಕ್ಟರು ಅವನಿಗೆ ದಾರಿಯಲ್ಲೇ ಹೇಳಿದ್ದರೆಂದು ಕಾಣುತ್ತದೆ. ಸ್ಕೂಟರನ್ನು ಸ್ಟ್ಯಾಂಡಿಗೂ ಹಾಕದೆ ಗೋಡೆಗೆ ಒರಗಿಸಿ ಓಡಿಬಂದ.

"ಅಕ್ಕಾ! ಗಾಳಿಯಲ್ಲಿ ಬಿಗಿದ್ದಾರೆ ಅಂತ ಕಂಡುಹಿಡಿದ್ಯಂತೆ! ನನಗೆ ಹೊಳೀಲೇ ಇಲ್ಲ ನೋಡು. ನೀನಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತು?"

ಅವಳ ಭುಜ ಹಿಡಿದುಕೊಂಡ. ಸಣ್ಣವನಿದ್ದಾಗ ರಸ್ತೆ ದಾಟಲು ಹಿಡಿದುಕೊಳ್ಳುತ್ತಿದ್ದ ಹಾಗೆಯೇ, ಗಟ್ಟಿಯಾಗಿ.

"ಒಂದು ಮಾತು ಕೇಳ್ತೀನಿ," ಎಂದಳು ಅಕ್ಕ. "ಕೀಲಿ ಕೊಡೋಕೆ ಮುಂಚೆ ನಿನಗೆ ಗೊತ್ತಿತ್ತಾ?"

"ಏನು ಗೊತ್ತಿತ್ತಾ?"

"ಎಡಗಡೆ ಪಟ್ಟಿ ಬದಲಾಗಿದೆ ಅಂತ."

ಅವನ ಕಣ್ಣು ಒಂದೇ ಒಂದು ಕ್ಷಣ ಮೂಟೆಯ ಕಡೆಗೆ ಹೋಗಿ ಬಂತು. ಇಪ್ಪತ್ತೆರಡು ವರ್ಷ ಸುಳ್ಳು ಹೇಳುವವರ ಎದುರು ಕುಳಿತು ವರದಿ ಬರೆದವಳಿಗೆ ಅಷ್ಟು ಸಾಕಾಗಿತ್ತು. ಅವನಿಗೆ ಮಾತ್ರ ಅದು ತಿಳಿಯಲಿಲ್ಲ.

"ನಿನ್ನಾಣೆ ಅಕ್ಕ," ಎಂದ. "ನನಗೇನೂ ಗೊತ್ತಿರಲಿಲ್ಲ."

ಇನ್‌ಸ್ಪೆಕ್ಟರು ಮೂಟೆಯ ಕಡೆ ತಿರುಗಿದರು. "ನೀನೇನಪ್ಪ ಹೇಳ್ತೀಯ?"

ಮೂಟೆ ಬೆಂಚಿನಿಂದ ಎದ್ದ. ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಅವನನ್ನು ನೋಡಲಿಲ್ಲ. ಗೋಡೆಯ ಮೇಲೆ ಸಾಲಾಗಿ ನೇತುಹಾಕಿದ ಪಾನಗಳನ್ನು ನೋಡುತ್ತಿದ್ದ.

"ನಾನೇ ಸಾರ್. ನಾನೊಬ್ಬನೇ ಮಾಡಿದ್ದು. ಮೇಸ್ತ್ರಿಗೆ ಏನೂ ಗೊತ್ತಿಲ್ಲ."

"ಮೂಟೆ!" ಎಂದಳು ಅಕ್ಕ.

"ಅವನಿಗೆ ಏನೂ ಗೊತ್ತಿಲ್ಲ ಅಕ್ಕ," ಎಂದ ಅವನು ಮತ್ತೆ, ಮೆಲ್ಲಗೆ. "ನಾನು ಆಗ ಹೇಳಿದ್ದು ಬಿಟ್ಟುಬಿಡಿ."

ಮೇಸ್ತ್ರಿ ದೊಡ್ಡದಾಗಿ ಉಸಿರುಬಿಟ್ಟ. "ಇಷ್ಟು ವರ್ಷ ಜೊತೆಗಿಟ್ಕೊಂಡಿದ್ದೆ ಸಾರ್ ಇವನನ್ನ," ಎಂದ. "ತಮ್ಮನ ಹಾಗೆ ನೋಡ್ಕೊಂಡೆ."

ಆ ಮಾತು ಅಕ್ಕನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಹೊಡೆತ ಬಿದ್ದದ್ದು ಮೂಟೆಗೆ, ಆದರೂ.

"ಸರಿ ಹಾಗಾದ್ರೆ," ಎಂದು ಇನ್‌ಸ್ಪೆಕ್ಟರು ಟೋಪಿ ಸರಿಮಾಡಿಕೊಂಡರು. "ನಡಿಯಪ್ಪ. ಅಮ್ಮ, ನೀವೇನಾದ್ರೂ ಹೇಳೋದಿದ್ಯಾ?"

ಅವಳು ಇಲ್ಲ ಎಂದರೆ ಶೆಡ್ಡು ಉಳಿಯುತ್ತದೆ, ಅಪ್ಪನ ಬೋರ್ಡು ಉಳಿಯುತ್ತದೆ, ತಮ್ಮ ಉಳಿಯುತ್ತಾನೆ. ಅವಳ ಕೈಯಲ್ಲಿ ಸಾಕ್ಷಿ ಇಲ್ಲ. ಹೇಳಿದವನೇ ಮಾತು ಹಿಂದಕ್ಕೆ ತೆಗೆದುಕೊಂಡಿದ್ದಾನೆ. ಇನ್ನೂ ತಮ್ಮನ ಕೈ ಅವಳ ಭುಜದ ಮೇಲಿತ್ತು, ಬೆಚ್ಚಗೆ.

"ಸಾರ್," ಎಂದಳು, "ನಿಮ್ಮ ಜೀಪಿನಲ್ಲಿ ಇಬ್ಬರಿಗೆ ಜಾಗ ಇದ್ಯಾ?"

ಆ ಕೈ ಇಳಿಯಿತು.

ಮೇಸ್ತ್ರಿ ಕೂಗಾಡಲಿಲ್ಲ. ಅಳಲೂ ಇಲ್ಲ. ಅವಳನ್ನು ನೋಡಿದ, ಮೊದಲ ಸಲ ನೋಡುವ ಹಾಗೆ. ಆಮೇಲೆ ಒಂದು ತರಹ ನಕ್ಕ.

"ಇಬ್ಬರಿಗೆ ಯಾಕೆ ಅಕ್ಕ? ಅಷ್ಟು ನ್ಯಾಯ ಮಾಡೋಳು ನೀನಾದ್ರೆ ಮೂವರಿಗೆ ಜಾಗ ಕೇಳು. ಆ ಒಳ್ಳೇ ಪಟ್ಟಿ ಈಗ ಯಾರ ಗಾಡಿಯಲ್ಲಿದೆ ಅಂತ ಕೇಳಿದ್ಯಾ ಅವನನ್ನ? ಯಾರ ಮಾನ ಉಳಿಸೋಕೆ ನಾನು ಬಾಯಿ ಹೊಲ್ಕೊಂಡು ಕೀಲಿ ಕೊಟ್ಟೆ ಅಂತ ಕೇಳಿದ್ಯಾ?"

ಅಕ್ಕ ಮೂಟೆಯ ಕಡೆ ತಿರುಗಿದಳು. ಮೂಟೆ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಅವನ ಬೆನ್ನು ವ್ಯಾನಿಗೆ ತಾಗಿತು.

"ಯಾರೋ ಅದು?"

"ಬೇಡ ಅಕ್ಕ." ಅವನು ಎರಡೂ ಕೈ ಜೋಡಿಸಿದ. "ನನ್ನನ್ನ ಒಬ್ಬನ್ನೇ ಕಳಿಸಿಬಿಡಿ. ನಾನು ಹೇಳಿಬಿಟ್ರೆ, ಇವತ್ತು ಸಂಜೆ ನೀವು ನಿಮ್ಮ ಮನೆ ಬಾಗಿಲು ಹೇಗೆ ತಟ್ತೀರಿ?"